ಕೈ ನೋಡುವ ಕೆಲಸ

ಬ್ಲೀಚಿಂಗ್ ಪುಡಿ ಕಲಸಿದ್ದನ್ನು ಕಾರ್ಖಾನೆಯಿಂದ ಮನೆಗೆ ತಂದವಳು ನಾನು. ಅಲ್ಲಿನ ಸಾವ್ಕಾರರು ಎಲ್ಲರ ಎದುರಿಗೆ ಯಾರು ಒಯ್ದದ್ದು ಎಂದು ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ನನ್ನ ತಂಗಿ ಅದನ್ನು ತನ್ನ ಮೇಲೆ ಹಾಕಿಕೊಂಡಳು. ಅವಳ ಕೈ ಕೆಟ್ಟವು, ಕೆಲಸ ಹೋಯಿತು, ಹೆಸರೂ ಹೋಯಿತು. ನನ್ನ ಕೆಲಸ ಉಳಿಯಿತು. ನಾನು ಕನ್ನಡ ಮೂರನೇ ಇಯತ್ತೆಯವರೆಗೆ ಸಾಲೆ ಕಲಿತವಳು. ಇದನ್ನು ಬರೆಯಲು ಅಷ್ಟು ಅಕ್ಷರ ಸಾಕು.

ದೊಡ್ಡ ಯುದ್ಧ ಶುರುವಾಗುವ ಮುಂಚಿನ ಮಾತು. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ನಾವು ಮೂವರು ಇದ್ದೆವು: ಅವ್ವ, ನಾನು, ತಂಗಿ. ಅಪ್ಪ ಪ್ಲೇಗಿನಲ್ಲಿ ಹೋಗಿದ್ದ. ನನ್ನ ಗಂಡ ಜ್ವರದಿಂದ ತೀರಿಕೊಂಡ ಮೇಲೆ ನಾನು ತವರಿಗೆ ಬಂದು ನಿಂತಿದ್ದೆ. ತಂಗಿ ನನಗಿಂತ ಬಹಳ ಸಣ್ಣವಳು. ಅವಳಿಗೆ ಎಣ್ಣೆ ಹಚ್ಚಿ ಎರೆದವಳು, ಹೆಗಲ ಮೇಲೆ ಹೊತ್ತು ಸಂತೆಗೆ ಒಯ್ದವಳು ನಾನೇ. ಅವಳು ದೊಡ್ಡವಳಾದ ಮೇಲೆ ಇಬ್ಬರೂ ಒಂದೇ ಬಣ್ಣದ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದೆವು.

ಕಾರ್ಖಾನೆ ಎಂದರೆ ಚಿಮಣಿ ಇರುವ ದೊಡ್ಡ ಗಿರಣಿಯಲ್ಲ. ತಗಡಿನ ಮಾಡು, ಒಂದು ಬಾವಿ, ಸಾಲಾಗಿ ಕಲ್ಲಿನ ತೊಟ್ಟಿಗಳು. ತೊಟ್ಟಿಗೆ ನಮ್ಮಲ್ಲಿ ಹೌದ ಅನ್ನುತ್ತಾರೆ. ಸೀರೆ ನೇಯುವವರಿಗೆ ಬೇಕಾದ ನೂಲನ್ನು ಲಡಿಲಡಿಯಾಗಿ, ಅಂದರೆ ಸುತ್ತಿದ ಕಟ್ಟುಗಳಾಗಿ, ತಂದು ಇಲ್ಲಿ ಬಣ್ಣ ಹಾಕುತ್ತಿದ್ದರು. ಮೊದಲನೆಯದು ಬಿಳಿ ಹೌದ. ಅದರಲ್ಲಿ ಬ್ಲೀಚಿಂಗ್ ಪುಡಿ ಕರಗಿಸಿದ ನೀರು ಇರುತ್ತಿತ್ತು. ಅದರಲ್ಲಿ ಅದ್ದಿದ ನೂಲು ಬೆಳ್ಳಗಾಗುತ್ತಿತ್ತು. ಆಮೇಲಿನವು ಬಣ್ಣದ ಹೌದಗಳು. ಲಡಿಯನ್ನು ಬಣ್ಣಕ್ಕೆ ಇಳಿಸಿ ಎತ್ತುವವರು ಗಂಡಸರು. ಎತ್ತಿದ್ದನ್ನು ನೀರಿನಲ್ಲಿ ಜಾಲಾಡಿ, ಹಿಂಡಿ, ಗಳದ ಮೇಲೆ ಒಣಹಾಕುವವರು ಹೆಂಗಸರು. ನಾನು, ತಂಗಿ ಇಬ್ಬರೂ ನೀಲಿ ನೂಲಿನ ಕಡೆ ಇದ್ದೆವು. ನಮ್ಮ ಕೈ ಮೊಳಕೈಯ ತನಕ ನೀಲಿ. ಸಂತೆಗೆ ಹೋದರೆ ಕಾಯಿಪಲ್ಲೆಯವರು ಮುಖ ನೋಡುವ ಮೊದಲು ಕೈ ನೋಡುತ್ತಿದ್ದರು.

ನೀಲಿಯಾದದ್ದರಿಂದ ತೊಂದರೆ ಇರಲಿಲ್ಲ. ಬಣ್ಣಕ್ಕೆ ಬೆರೆಸುವ ಸೋಡಾ ಲಡಿಯಲ್ಲಿ ಉಳಿದಿರುತ್ತಿತ್ತು, ಅದು ಕೈಯನ್ನು ತಿನ್ನುತ್ತಿತ್ತು. ಮೊದಲು ಬೆರಳ ಸಂದಿಯಲ್ಲಿ ತುರಿಕೆ, ಆಮೇಲೆ ಸಣ್ಣ ಗುಳ್ಳೆ, ಆಮೇಲೆ ಬಿರುಕು. ಬಿರುಕಿನೊಳಗೆ ಬಣ್ಣ ಇಳಿದು ಅಂಗೈ ಮೇಲೆ ಶಾಯಿಯಲ್ಲಿ ಗೆರೆ ಕೊರೆದಂತೆ ಕಾಣುತ್ತಿತ್ತು. ಹಳೆಯ ಹೆಂಗಸರು, “ಒಗ್ಗಿದ ಮ್ಯಾಲ ಎಲ್ಲಾ ಸರಿ ಹೋಗತೈತಿ” ಅನ್ನುತ್ತಿದ್ದರು. ನಾವು ಅದನ್ನು ನಂಬಿದ್ದೆವು. ಒಗ್ಗದವರೆಲ್ಲ ಕೆಲಸ ಬಿಟ್ಟು ಹೋಗಿರುತ್ತಿದ್ದರು, ಒಗ್ಗಿದವರಷ್ಟೇ ಕಣ್ಣೆದುರಿಗೆ ಇರುತ್ತಿದ್ದರು ಎನ್ನುವುದು ಆಗ ಹೊಳೆಯಲಿಲ್ಲ.

ಒಂದು ವರ್ಷ ದಸರೆಗೆ ಮುಂಚೆ, ನೇಕಾರರಿಂದ ಬೇಡಿಕೆ ಜೋರಿದ್ದಾಗ, ಹೆಂಗಸರು ಒಬ್ಬರ ಹಿಂದೆ ಒಬ್ಬರು ಕೈ ಕೆಟ್ಟು ಮನೆಯಲ್ಲಿ ಕೂತರು. ಒದ್ದೆ ಲಡಿಗಳು ರಾಶಿ ಬಿದ್ದವು. ಸಾವ್ಕಾರರು ಧಾರವಾಡದಿಂದ ತಮ್ಮ ಪರಿಚಯದ ಒಬ್ಬ ಡಾಕ್ಟರರನ್ನು ಟಾಂಗಾದಲ್ಲಿ ಕರೆತಂದರು. ಡಾಕ್ಟರು ಒಂದು ಮಣೆಯ ಮೇಲೆ ಕೂತು ನಮ್ಮನ್ನು ಸಾಲಾಗಿ ನಿಲ್ಲಿಸಿ ಕೈ ನೋಡಿದರು. ಹೆಚ್ಚಿನವರ ಹುಣ್ಣು ಮುಂಗೈ ಸುತ್ತ, ಬಳೆಯ ಕೆಳಗೇ ಇತ್ತು.

“ಬಳಿ ತಗೀಬೇಕಾಗ್ತದ ನೋಡ್ರವಾ,” ಅಂದರು. “ಸೋಡಾದ ನೀರು ಬಳಿ ಸಂದ್ಯಾಗ ನಿಂತುಬಿಡ್ತದ.”

ಗಬ್ಬೂರಿನಿಂದ ದಿನಾ ನಡೆದು ಬರುತ್ತಿದ್ದ ಒಬ್ಬಾಕೆ ಇದ್ದಳು, ನಾಲಿಗೆ ಬಹಳ ಚುರುಕು. ಅವಳು ಸೆರಗು ಸೊಂಟಕ್ಕೆ ಸಿಗಿಸಿ ಅಂದಳು, “ಗಂಡ ಗುಂಡಕಲ್ಲಿನಂಗ ಇದ್ದಾನ್ರಿ ನಮ್ಮನ್ಯಾಗ. ಬಳಿ ತಗೀ ಅಂತೀರಲ್ರಿ ಡಾಕ್ಟರ, ನಿಮ್ಮ ಬಾಯಾಗ ಸಕ್ಕರಿ ಹಾಕಲ್ಯೋ ಬೂದಿ ಹಾಕಲ್ಯೋ?”

ಎಲ್ಲರೂ ನಕ್ಕರು. ಡಾಕ್ಟರೂ ನಕ್ಕು, “ಸಕ್ಕರೀನ ಹಾಕವಾ, ಬೂದಿ ಮನ್ಯಾಗ ನಮ್ಮಾಕಿ ಹಾಕತಾಳ,” ಅಂದರು. ಅಷ್ಟರಲ್ಲಿ ನನ್ನ ಸರತಿ ಬಂತು. ಅವರು ನನ್ನ ಕೈ ತಿರುಗಿಸಿ ನೋಡಿ, “ಇಲ್ಲಿ ನೋಡ್ರಿ, ಈ ಹೆಣ್ಮಗಳ ಮುಂಗೈ ಎಷ್ಟು ಸ್ವಚ್ಛ ಅದ, ಒಂದು ಗುಳ್ಳಿ ಇಲ್ಲ,” ಅಂದುಬಿಟ್ಟರು. ಯಾರೂ ನಗಲಿಲ್ಲ. ನನ್ನ ಮುಂಗೈಯಲ್ಲಿ ಬಳೆ ಯಾಕಿಲ್ಲ ಎನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಡಾಕ್ಟರಿಗೂ ತಟ್ಟನೆ ತಿಳಿದು ಅವರು ನನ್ನ ಕೈ ಬಿಟ್ಟರು.

ಕೊನೆಗೆ ಒಂದು ಉಪಾಯವಾಯಿತು. ಬಳೆಗಳನ್ನು ಆದಷ್ಟು ಮೇಲಕ್ಕೆ ಏರಿಸಿ, ಕೆಳಗೆ ಜಾರದಂತೆ ಬಟ್ಟೆಯ ಪಟ್ಟಿ ಕಟ್ಟಿಕೊಳ್ಳುವುದು. ಕೆಲಸಕ್ಕೆ ಮುಂಚೆ ಕೈಗೆ ಎಣ್ಣೆ ತಿಕ್ಕಿ, ಲಡಿಗೆ ಎಣ್ಣೆ ತಾಗದಂತೆ ಮೇಲಿಂದ ಒಣಬಟ್ಟೆಯಲ್ಲಿ ಒರೆಸುವುದು. ಎಣ್ಣೆ ತಾಗಿದ ನೂಲಿಗೆ ಕಲೆ ಬೀಳುತ್ತಿತ್ತು. ಲಡಿಯನ್ನು ಬೆರಳಿನಿಂದಲ್ಲ, ಕೋಲಿನಿಂದ ಎತ್ತಿ ತಿರುವುವುದು. ಸಂಜೆ ಬಾವಿಯ ನೀರಿನಲ್ಲಿ ಕಡಲೆ ಹಿಟ್ಟು ಹಚ್ಚಿ ತೊಳೆದು, ಒರೆಸಿ, ಮತ್ತೆ ಎಣ್ಣೆ. ಬಿರುಕು ಬಿಟ್ಟವರು ವಾಸಿಯಾಗುವವರೆಗೆ ಒದ್ದೆ ಕೆಲಸ ಮಾಡದೆ ಒಣ ಲಡಿ ಕಟ್ಟುವುದು. ಎಲ್ಲಕ್ಕಿಂತ ಮುಖ್ಯವಾದದ್ದು, ಬಿಳಿ ಹೌದದ ನೀರಿನಲ್ಲಿ ಕೈ ತೊಳೆಯಬಾರದು.

ಈ ಕೊನೆಯದು ಯಾಕೆ ಎಂದು ಹೇಳಬೇಕು. ನೀಲಿ ಬಣ್ಣ ಕಡಲೆ ಹಿಟ್ಟಿಗೆ ಬಗ್ಗುವುದಲ್ಲ, ಸಬಕಾರಕ್ಕೂ ಬಗ್ಗುವುದಲ್ಲ. ಬಿಳಿ ಹೌದದಲ್ಲಿ ಕೈ ಅದ್ದಿ ತಿಕ್ಕಿದರೆ ಮಾತ್ರ ನೋಡುತ್ತಿದ್ದಂತೆ ಹೋಗುತ್ತಿತ್ತು. ಹಬ್ಬ ಬಂದರೆ, ಮದುವೆಗೆ ಹೋಗುವುದಿದ್ದರೆ, ಎಲ್ಲರೂ ಕದ್ದು ಅದ್ದುತ್ತಿದ್ದರು. ಪಂಕ್ತಿಯಲ್ಲಿ ನೀಲಿ ಕೈಯಿಂದ ಉಂಡರೆ ಪಕ್ಕದವರು ಎಲೆ ಸರಿಸಿಕೊಳ್ಳುತ್ತಿದ್ದರು. ಅದ್ದಿ ಬಂದ ಎರಡು ದಿನಕ್ಕೆ ಕೈಯ ಸಿಪ್ಪೆ ಏಳುತ್ತಿತ್ತು. ಅದರ ಮೇಲೆ ಸೋಡಾ ಬಿದ್ದರೆ ಮುಗಿಯಿತು. “ಅರ್ಧಕ್ಕರ್ಧ ಕೈ ಕೆಟ್ಟದ್ದು ಬಣ್ಣದಿಂದಲ್ಲ, ಬಣ್ಣ ತಗ್ಯೋದ್ರಿಂದ,” ಅಂದರು ಡಾಕ್ಟರು. ಸಾವ್ಕಾರರು ಅಲ್ಲೇ ಗಟ್ಟಿಯಾಗಿ ಹೇಳಿದರು, “ಬಿಳಿ ಹೌದಕ್ಕ ಕೈ ಹಚ್ಚಿದಾಕಿ ಮರುದಿನ ಕೆಲಸಕ್ಕ ಬರೂದ ಬ್ಯಾಡ. ಯಾರ ಆಗಿರ್ಲಿ.”

ಇದನ್ನೆಲ್ಲ ನಡೆಸಲು ಹೆಂಗಸರಲ್ಲೇ ಒಬ್ಬಳು ಬೇಕಾಗಿತ್ತು. ನನಗೆ ಓದಲು ಬರುತ್ತಿತ್ತು, ಜಗಳಗಂಟಿ ಅಲ್ಲ, ಕೈಯೂ ಸ್ವಚ್ಛ. ನನ್ನನ್ನು ಮುಕಾದಮ, ಅಂದರೆ ಹೆಂಗಸರ ಮೇಲ್ವಿಚಾರಕಿ, ಮಾಡಿದರು. ಮುಂಜಾನೆ ಬಾವಿಯ ಕಟ್ಟೆಯ ಹತ್ತಿರ ಎಣ್ಣೆಯ ಗಡಿಗೆ ಇಟ್ಟುಕೊಂಡು ನಿಲ್ಲುವುದು, ಪ್ರತಿಯೊಬ್ಬಳ ಎರಡೂ ಕೈ ತಿರುಗಿಸಿ ನೋಡುವುದು, ಎಣ್ಣೆ ಹಾಕುವುದು, ಬಿರುಕಿದ್ದವರನ್ನು ಒಣ ಕೆಲಸಕ್ಕೆ ಕಳಿಸುವುದು. ಇದು ನನ್ನ ಕೆಲಸ.

ಮೊದಮೊದಲು ಸಾವ್ಕಾರರು ಕುಸುಬಿ ಎಣ್ಣೆ ತರಿಸಿದ್ದರು. ಅದು ನಮ್ಮ ಅಡುಗೆಯ ಎಣ್ಣೆ. ಹೆಂಗಸರು ಬೊಗಸೆ ತುಂಬ ಹಾಕಿಸಿಕೊಂಡು, ಕೈಗೆ ಬೆರಳ ತುದಿಯಷ್ಟು ಸವರಿ, ಉಳಿದದ್ದನ್ನು ಬುತ್ತಿಯ ಬಟ್ಟಲಿಗೆ ಇಳಿಸುತ್ತಿದ್ದರು.

“ಇನ್ನೊಂದೀಟ ಹಾಕ್ರಿ ಮುಕಾದಮ ಬಾಯಾರ,” ಗಬ್ಬೂರಿನಾಕೆ ಕಣ್ಣು ಮಿಟುಕಿಸುತ್ತಿದ್ದಳು. “ನನ್ನ ಕೈ ಭಾಳ ದೊಡ್ಡವು.”

“ನಿನ್ನ ಕೈ ದೊಡ್ಡವಲ್ಲ, ನಿನ್ನ ವಗ್ಗರಣಿ ಸೌಟು ದೊಡ್ಡದೈತಿ,” ಅನ್ನುತ್ತಿದ್ದಳು ನನ್ನ ತಂಗಿ, ಸಾಲಿನ ಹಿಂದಿನಿಂದ.

ಸುದ್ದಿ ಸಾವ್ಕಾರರ ಕಿವಿಗೆ ಬಿದ್ದು ಔಡಲ ಎಣ್ಣೆ ಬಂತು. ಅದನ್ನು ಪಲ್ಲೆಗೆ ಹಾಕಿದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿದ್ದರಿಂದ ಎಣ್ಣೆ ಕೈಗೇ ಹತ್ತತೊಡಗಿತು. ಕೆಲವು ತಿಂಗಳಲ್ಲಿ ಫರಕು ಕಾಣಿಸಿತು. ಕೈ ತಿನ್ನುವುದು ಪೂರಾ ನಿಲ್ಲಲಿಲ್ಲ, ಆದರೆ ಮನೆಯಲ್ಲಿ ಕೂರುವವರು ಕಡಿಮೆಯಾದರು. ನನಗೆ ಹೆಮ್ಮೆಯಾಯಿತು. ಗಂಡ ಸತ್ತ ಮೇಲೆ ನನ್ನ ಮಾತನ್ನು ಜನ ಕೇಳಿದ್ದು ಅದೇ ಮೊದಲು. ಓಣಿಯಲ್ಲೂ ಕೆಲವರು ಮರ್ಯಾದೆಯಿಂದ ಬಾಯಾರ ಎಂದು ಕರೆಯತೊಡಗಿದರು.

ತಂಗಿಯ ಕೈ ಎಲ್ಲರಿಗಿಂತ ಚೆನ್ನಾಗಿದ್ದವು. ನೀಲಿ ಇದ್ದವು, ಆದರೆ ಒಂದೂ ಬಿರುಕಿರಲಿಲ್ಲ. ಹೇಳಿದ್ದನ್ನು ಹೇಳಿದಂತೆ ಮಾಡುವ ಹುಡುಗಿ. ಎಣ್ಣೆ ಹಚ್ಚಿ ಒರೆಸಿ ನನ್ನೆದುರಿಗೆ ಕೈ ಒಡ್ಡಿ, “ನೋಡ್ರಿ ಸರಕಾರ,” ಎಂದು ಅಣಕಿಸುತ್ತಿದ್ದಳು. ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವುದು ಅವಳೇ. ಅವಳು ಬಡಿದ ರೊಟ್ಟಿ ತಟ್ಟೆಯ ತುಂಬ ಹರಡಿ, ಅಂಚು ಒಂದೇ ಸಮ ಇರುತ್ತಿತ್ತು. ಪಕ್ಕದ ಮನೆಯವರು ಬೀಗರು ಬಂದರೆ ಅವಳನ್ನೇ ಕರೆಯುತ್ತಿದ್ದರು.

ಅವಳಿಗೆ ಮುಗದದಿಂದ ಒಂದು ಸಂಬಂಧ ಬಂತು. ಭತ್ತದ ಗದ್ದೆ ಇದ್ದ ಒಕ್ಕಲು ಮನೆ. ಸೋಮವಾರ ಅವರು ಎತ್ತು ಹೂಡುವುದಿಲ್ಲ, ನಮ್ಮ ಕಾರ್ಖಾನೆಗೂ ಅಂದೇ ಸೂಟಿ. ಆ ದಿನ ಹುಡುಗಿಯನ್ನು ನೋಡಲು ರೈಲಿನಲ್ಲಿ ಬರುತ್ತೇವೆಂದು ಹೇಳಿಕಳಿಸಿದರು. ಅವ್ವನಿಗೆ ಒಂದೇ ಚಿಂತೆ ಹತ್ತಿತು.

“ಈ ನೀಲಿ ಕೈ ತಗೊಂಡು ಅವರ ಮುಂದ ಹೆಂಗ ಕುಂದರ್ತಾಳ? ಹೊಲದ ಮಂದಿ ಅವರು. ಏನೋ ರೋಗ ಐತಿ ಅಂತ ಎದ್ದ ಹೋಗತಾರ.”

“ರೋಗ ಅಲ್ಲವ್ವಾ, ಬಣ್ಣ ಅಂತ ನಾನ ಹೇಳ್ತೇನಿ,” ಅಂದಳು ತಂಗಿ.

“ನೀ ಬಾಯಿ ಮುಚ್ಚು. ನೋಡಾಕ ಬಂದವರ ಮುಂದ ಹುಡಗಿ ಮಾತಾಡ್ತಾಳಂತ.” ಅವ್ವ ನನ್ನ ಕಡೆ ತಿರುಗಿದಳು. “ನೀ ಅಲ್ಲೆ ದೊಡ್ಡಾಕಿ ಅದೀಯಲ್ಲ. ಏನರ ಮಾಡು.”

ಅವ್ವನಿಗೆ ಬಿಳಿ ಹೌದದ ಸಂಗತಿ ಗೊತ್ತಿತ್ತು. ಓಣಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಬೇಡ ಎಂದು ಹೇಳಬಹುದಿತ್ತು. ಬೇರೆಯವರಿಗೆ ದಿನಾ ಹೇಳುತ್ತಿದ್ದೆ. ಒಬ್ಬಳು ತಮ್ಮನ ಮದುವೆಗೆಂದು ಕೈ ಅದ್ದಲು ಹೊಂಚು ಹಾಕಿದಾಗ ಅವಳ ರಟ್ಟೆ ಹಿಡಿದು ಎಳೆತಂದಿದ್ದೆ. ಆದರೆ ಇದು ನನ್ನ ತಂಗಿಯ ಮದುವೆ. ನನ್ನ ಸಂಸಾರ ಮುರಿದದ್ದನ್ನು ಅವ್ವ ದಿನಾ ನೋಡುತ್ತಿದ್ದಳು. ಇನ್ನೊಬ್ಬಳದಾದರೂ ನಿಲ್ಲಲಿ ಅನ್ನಿಸಿತು.

ಭಾನುವಾರ ಸಂಜೆ ಎಲ್ಲರೂ ಹೋದ ಮೇಲೆ ನಾನು ಹಿಂದೆ ಉಳಿದೆ. ಬಿಳಿ ಹೌದದ ನೀರು ಅಂದು ಬಳಸಿ ಬಳಸಿ ಸಪ್ಪೆಯಾಗಿತ್ತು. ಪಕ್ಕದಲ್ಲಿ ಪುಡಿ ಕಲಸುವ ಗಡಿಗೆ ಇತ್ತು, ತಳದಲ್ಲಿ ಮೊಸರಿನಂತೆ ಗಟ್ಟಿಯಾದದ್ದು ಉಳಿದಿತ್ತು. ಒಂದೇ ಸಲಕ್ಕೆ ಕೆಲಸ ಆಗಿಬಿಡಲಿ ಎಂದು ಅದನ್ನೇ ಒಂದು ಮಣ್ಣಿನ ಮಗಿಗೆ ಬಳಿದುಕೊಂಡು ಸೆರಗಿನ ಕೆಳಗೆ ಮುಚ್ಚಿ ತಂದೆ. ಹೌದದಲ್ಲಿ ಕೈ ಅದ್ದುವವರೂ ಆ ಗಡಿಗೆಯನ್ನು ಮುಟ್ಟುತ್ತಿರಲಿಲ್ಲ. ಅಷ್ಟು ಖಾರ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಸೋಮವಾರ ಮುಂಜಾನೆ ಹಿತ್ತಲಲ್ಲಿ ಮಗಿಯ ಮುಚ್ಚಳ ತೆಗೆದಾಗ ತಂಗಿ ವಾಸನೆಗೆ ಹಿಂದೆ ಸರಿದಳು.

“ಅಕ್ಕಾ, ನೀನ ದಿನಾ ಬ್ಯಾಡ ಬ್ಯಾಡ ಅಂತ ಹೊಯ್ಕೊಂತಿ.”

“ಒಂದ ಸಲಕ್ಕ ಏನೂ ಆಗೂದಿಲ್ಲ.”

“ನೀಲಿ ಇದ್ರ ಇರ್ಲಿ ಬಿಡು. ದುಡದ ತಿನ್ನೂ ಕೈ ಅಂತ ಅವರಿಗೂ ಗೊತ್ತಾಗ್ಲಿ.”

“ಶಾಣ್ಯಾತನ ಸಾಕು,” ಎಂದು ನಾನು ಅವಳ ಎರಡೂ ಕೈ ಹಿಡಿದು ಒಳಗೆ ಅದ್ದಿದೆ. ತೆಂಗಿನ ನಾರಿನಿಂದ ಮೊಳಕೈಯ ತನಕ ತಿಕ್ಕಿದೆ. ನೀಲಿ ಬಿಟ್ಟಿತು. ಉಗುರಿನ ಸಂದಿಯದು ಬಿಡಲಿಲ್ಲವೆಂದು ಇನ್ನೊಮ್ಮೆ ಅದ್ದಿದೆ. “ಉರೀತೈತಿ ಅಕ್ಕಾ” ಅಂದಳು. “ಆತು, ಆತು” ಅಂದೆ.

ಮುಗದದವರು ಬಂದರು. ಹುಡುಗ, ಅವನ ತಾಯಿ, ಜೊತೆಗೆ ಒಬ್ಬ ಹಿರಿಯ. ಹುಡುಗನ ತಾಯಿ ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದು ನೋಡಿ, “ಬಣ್ಣದ ಕಾರ್ಖಾನಿ ಅಂದ್ರು, ಕೈ ಹಾಲಿನಂಗ ಅದಾವಲ್ಲ,” ಅಂದರು. ಅವ್ವ ನನ್ನ ಮುಖ ನೋಡಿ ನಕ್ಕಳು. ಆಮೇಲೆ ಆಕೆ ಸಹಜವಾಗಿ, “ಒಂದೆರಡು ರೊಟ್ಟಿ ಬಡಿಯವಾ, ನೋಡೂಣು,” ಅಂದರು. ನಮ್ಮ ಕಡೆ ಅದು ಇದ್ದದ್ದೇ. ಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ಕಲಸಿ, ಬಿಸಿ ಇರುವಾಗಲೇ ನಾದಬೇಕು. ನಾನು ಒಲೆಯ ಮುಂದೆ ಉರಿ ಹಾಕುತ್ತಿದ್ದೆ. ತಂಗಿ ಬಿಸಿ ಹಿಟ್ಟಿಗೆ ಕೈ ಹಾಕಿದಳು. ಅವಳ ಕೆಳತುಟಿ ಹಲ್ಲಿನ ನಡುವೆ ಹೋಯಿತು. ಹಾಗೇ ನಾದಿದಳು, ಬಡಿದಳು. ರೊಟ್ಟಿ ಎಂದಿನಂತೆ ದುಂಡಗೆ ಬಂದವು.

“ಕೈ ಹಗುರ ಐತಿ ಹುಡಗೀದು,” ಅಂದರು ಆಕೆ. ಮಾತು ಅಲ್ಲಿಯೇ ಪಕ್ಕಾ ಆಯಿತು.

ಅವರನ್ನು ಕಳಿಸಿ ಬರುವಷ್ಟರಲ್ಲಿ ಅವಳ ಕೈ ಕೆಂಪಗೆ ಊದಿದ್ದವು. ಬೆಣ್ಣೆ ಹಚ್ಚಿದೆವು. ಮರುದಿನ ಬೆಳಗ್ಗೆ ಬೆರಳುಗಳ ಮೇಲೆ ನೀರ್ಗುಳ್ಳೆ ಎದ್ದಿದ್ದವು. ಕೆಲಸಕ್ಕೆ ಬರಬೇಡ ಅಂದೆ.

“ಬರಲಿಲ್ಲಂದ್ರ ಯಾಕ ಅಂತ ನಿನಗ ಕೇಳ್ತಾರ,” ಅಂದಳು. “ಕೋಲ ಹಿಡದು ಹೆಂಗರ ತಳ್ಳತೇನಿ ಇವತ್ತ.”

ಬಾವಿಯ ಕಟ್ಟೆಯ ಹತ್ತಿರ ಎಂದಿನಂತೆ ಸಾಲು ನಿಂತಿತು. ಎಲ್ಲರ ಕೈ ನೋಡಿದೆ. ತಂಗಿ ಬಂದಾಗ ಅವಳ ಕೈ ಸೆರಗಿನೊಳಗೆ ಇದ್ದವು. ನಾನು ಎಣ್ಣೆಯ ಸೌಟನ್ನು ಗಡಿಗೆಯಲ್ಲಿ ತಿರುವುತ್ತ, “ಹೋಗು, ಹೋಗು” ಅಂದೆ. ಕೈ ನೋಡುವುದು ನನ್ನ ಕೆಲಸ. ನೋಡಲೇಬೇಕಾಗಿದ್ದ ಕೈಯನ್ನು ನೋಡದೆ ಬಿಟ್ಟೆ. ಅಲ್ಲಿಯೇ ಅವಳನ್ನು ಒಣ ಕೆಲಸಕ್ಕೆ ಕಳಿಸಿದ್ದರೂ ಆಗುತ್ತಿತ್ತು. ಆದರೆ ಯಾಕೆ ಎಂದು ಎಲ್ಲರೂ ಕೇಳುತ್ತಿದ್ದರು.

ಸೋಡಾದ ಲಡಿ ಮುಟ್ಟಿದ ಕೂಡಲೇ ಅವಳಿಗೆ ತಡೆಯಲಾಗಲಿಲ್ಲ. ಲಡಿ ಕೈಬಿಟ್ಟು ನೆಲಕ್ಕೆ ಬಿತ್ತು. ಪಕ್ಕದಲ್ಲಿದ್ದ ಗಬ್ಬೂರಿನಾಕೆ ಅವಳ ಕೈ ಕಂಡು ಕೂಗಿದಳು, “ಅಯ್ಯಯ್ಯ ನನ್ನವ್ವಾ, ಏನ ಕೈ ಇವು! ಬೆಂದ ಬದನಿಕಾಯಿ ಆಗ್ಯಾವಲ್ಲ!”

ಕೆಲಸ ನಿಂತಿತು. ಸಾವ್ಕಾರರು ಬಂದರು. ಬಿಳಿ ಹೌದ ನೋಡಿಕೊಳ್ಳುವ ಮುದುಕ, ಕಲಸುವ ಗಡಿಗೆಯ ತಳದ್ದನ್ನು ಯಾರೋ ಬಳಿದು ಒಯ್ದಿದ್ದಾರೆ ಎಂದು ಹೇಳಿದ. ತನ್ನ ಮೇಲೆ ಬರುತ್ತದೆಂದು ಅವನಿಗೆ ಹೆದರಿಕೆ.

“ಯಾರ ಒಯ್ದವ್ರು ಇದನ್ನ?” ಸಾವ್ಕಾರರು ಕೇಳಿದರು. ಸಿಟ್ಟಿನಿಂದಲ್ಲ, ಅವರು ಸಿಟ್ಟು ಮಾಡುವವರೇ ಅಲ್ಲ.

ತಂಗಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಹೇಳಲು ಬೇಕಾದಷ್ಟು ಹೊತ್ತು ಇತ್ತು. ನಾನು ಹೇಳುವುದಿಲ್ಲ ಎಂದು ಅವಳಿಗೆ ತಿಳಿಯುವಷ್ಟು ಹೊತ್ತು ಇತ್ತು.

“ನಾನ ತಗೊಂಡೇನ್ರಿ,” ಅಂದಳು. “ನನ್ನ ನೋಡಾಕ ಬಂದಿದ್ರು.”

ಸಾವ್ಕಾರರು ನನ್ನ ಕಡೆ ತಿರುಗಿದರು. “ಬಾಯಾರ, ನಿಮ್ಮ ತಂಗಿ ಅಂತ ಬಿಟ್ರ ಉಳದವ್ರಿಗೆ ನಾಳೆ ಏನ ಹೇಳೂಣು?”

“ಖರೇ ಐತ್ರಿ,” ಅಂದೆ.

ಸುಮ್ಮನಿದ್ದದ್ದು ಒಂದು ತಪ್ಪು. ಈ ಎರಡು ಮಾತು ಅದಕ್ಕಿಂತ ದೊಡ್ಡದು. ಇಬ್ಬರ ಕೆಲಸವೂ ಹೋದರೆ ಮನೆ ಹೇಗೆ ನಡೆಯುತ್ತದೆ ಎಂದು ಹೆದರಿದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳಲ್ಲ. ಆದರೆ ಬಾವಿಯ ಕಟ್ಟೆಯ ಹತ್ತಿರ ಎಣ್ಣೆಯ ಗಡಿಗೆಯ ಹಿಂದೆ ನಿಲ್ಲುವ ಜಾಗ ನನಗೆ ಬೇಕಾಗಿತ್ತು. ಅದೇ ಹೆಚ್ಚು ಖರೆ.

ತಂಗಿ ಬುತ್ತಿಯ ಗಂಟು ತೆಗೆದುಕೊಂಡು ಹೋದಳು. ಸಂಜೆ ಮನೆಗೆ ಹೋದಾಗ ಅವಳು ಗೋಡೆಗೆ ಒರಗಿ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಿದ್ದಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು. “ಉಣ್ಣು ಬಾ ಅಕ್ಕಾ,” ಅಂದಳು ತಂಗಿ. ಅಷ್ಟೇ. ಆ ವಿಷಯವನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ನಾನು ಅಳಬಹುದಿತ್ತು, ಜಗಳ ಮಾಡಬಹುದಿತ್ತು. ಎತ್ತದೆ ಇದ್ದುದರಿಂದ ನಾನೂ ಎತ್ತಲಿಲ್ಲ.

ಕಾರ್ಖಾನೆಯಲ್ಲಿ ಆದದ್ದು ಬೇರೆ. ಅಂದಿನಿಂದ ಯಾರೂ ಬಿಳಿ ಹೌದದ ಹತ್ತಿರ ಸುಳಿಯಲಿಲ್ಲ. ಹೊಸದಾಗಿ ಸೇರಿದವರಿಗೆ ಗಬ್ಬೂರಿನಾಕೆ ನನ್ನನ್ನು ತೋರಿಸಿ, “ಈ ಬಾಯಿ ತನ್ನ ಒಡಹುಟ್ಟಿದಾಕೀನ್ನ ಬಿಟ್ಟಿಲ್ಲ, ನಿನ್ನ ಬಿಡ್ತಾಳೇನ?” ಅನ್ನುತ್ತಿದ್ದಳು. ಎಣ್ಣೆ, ಪಟ್ಟಿ, ಕೋಲು, ಕಡಲೆ ಹಿಟ್ಟು ಎಲ್ಲ ತಪ್ಪದೆ ನಡೆದವು. ನಾನು ಹೇಳುವ ಮೊದಲೇ ಕೈ ಮುಂದೆ ಬರುತ್ತಿದ್ದವು. ಮುಂದಿನ ದಸರೆಗೆ ಕೈ ಕೆಟ್ಟು ಮನೆಯಲ್ಲಿ ಕೂತವರು ಇಲ್ಲವೇ ಇಲ್ಲ ಅನ್ನುವಷ್ಟಾಯಿತು. ಡಾಕ್ಟರು ಮತ್ತೊಮ್ಮೆ ಬಂದಾಗ ಎಲ್ಲರ ಕೈ ನೋಡಿ, “ಶಾಬಾಸ್ ಬಾಯಿ, ಛಲೋ ನಡಸೀರಿ,” ಅಂದರು. ಅವರಿಗೆ ನಾನು, ಸುಟ್ಟ ಕೈ ಮೊದಲಿನಂತೆ ಆಗಲು ಎಷ್ಟು ದಿನ ಬೇಕು ಎಂದು ಕೇಳಿದೆ. “ಕೆಲವರದು ಆಗೂದಿಲ್ಲ,” ಅಂದರು. “ಒಮ್ಮೆ ಆ ಪರಿ ಕೆಟ್ಟ ಚರ್ಮ ಆಮ್ಯಾಲ ನೀರು, ಸೋಡಾ, ಬಿಸಿ, ಏನನ್ನೂ ತಡಕೊಳ್ಳೂದಿಲ್ಲ. ಯಾರದು ಬಾಯಿ?” ಓಣಿಯಲ್ಲಿ ಒಬ್ಬಾಕೆಯದು ಎಂದೆ.

ತಂಗಿಯ ಮದುವೆ ನಡೆಯಿತು. ಮುಗದದವರಿಗೆ ಅಷ್ಟರಲ್ಲಿ ಅವಳನ್ನು ಕೆಲಸದಿಂದ ತೆಗೆದ ಸುದ್ದಿ ಹೋಗಿತ್ತು, ಯಾಕೆ ತೆಗೆದರೆನ್ನುವುದೂ. ಆಡಿದ ಮಾತು ತಪ್ಪಬಾರದೆಂದು ಹುಡುಗ ಹಟ ಹಿಡಿದನಂತೆ. ಅವನು ಒಳ್ಳೆಯವನು, ಈಗಲೂ ಹಾಗೇ ಇದ್ದಾನೆ. ಆದರೆ ಅವಳು ಹೋದದ್ದು ಭತ್ತದ ಊರಿಗೆ. ನಾಟಿ ಹಚ್ಚುವಾಗ ಇಡೀ ದಿನ ಕೆಸರು ನೀರಿನಲ್ಲಿ ಕೈ. ಮನೆಗೆ ಬಂದರೆ ಸೆಗಣಿ, ಬೂದಿ, ಮುಸುರೆ. ಕೈ ಒಂದು ಕಡೆ ಕೂಡಿದರೆ ಇನ್ನೊಂದು ಕಡೆ ಒಡೆಯುತ್ತಿದ್ದವು. ಬಿಸಿ ಹಿಟ್ಟು ನಾದಲು ಕೂತರೆ ರೊಟ್ಟಿಯ ಮೇಲೆ ರಕ್ತದ ಚುಕ್ಕೆ ಬೀಳುತ್ತಿತ್ತು. ನೆರೆಮನೆಯವರು ಆ ಕೈ ನೋಡಿ ಏನೇನೋ ಹೆಸರಿನ ರೋಗ ಅಂದರು. ಅವಳ ಕೈಯದನ್ನು ಉಣ್ಣಲು ಹಿಂಜರಿದರು. ಅತ್ತೆ ಅವಳಿಗೆ ಒಲೆಯ ಮುಂದಿನ ಕೆಲಸ ಬಿಡಿಸಿ ದನ, ಹೊಲ, ಹಿತ್ತಲು ವಹಿಸಿದರು. ಓಣಿಯಲ್ಲಿ ಎಲ್ಲರೂ ಕರೆದು ರೊಟ್ಟಿ ಮಾಡಿಸಿಕೊಳ್ಳುತ್ತಿದ್ದ ಹುಡುಗಿ ಗಂಡನ ಮನೆಯಲ್ಲಿ ತಾನು ಮಾಡಿದ್ದನ್ನು ಬಡಿಸದವಳಾದಳು.

ನಾನು ಹೋದಾಗಲೆಲ್ಲ ಒಂದು ಶೀಸೆ ಔಡಲ ಎಣ್ಣೆ ಒಯ್ಯುತ್ತಿದ್ದೆ. ಹೀಗೆ ಹಚ್ಚು, ಒದ್ದೆ ಕೈ ಒರೆಸಿಯೇ ಹಚ್ಚು, ಬೂದಿಗೆ ಕೈ ಹಾಕಬೇಡ ಎಂದು ಮುಕಾದಮ ಬಾಯಿಯಂತೆಯೇ ಹೇಳುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು. ಹೇಳಬೇಕಾದದ್ದನ್ನು ಹೇಳದೆ ಮತ್ತೆ ರೈಲು ಹತ್ತುತ್ತಿದ್ದೆ.

ಯುದ್ಧ ಶುರುವಾದ ಮೇಲೆ ಪರದೇಶದ ಬಣ್ಣ ಬರುವುದು ನಿಂತಿತು. ಹೌದಗಳು ಒಂದೊಂದಾಗಿ ಒಣಗಿದವು. ಸಾವ್ಕಾರರು ಕಾರ್ಖಾನೆ ಮುಚ್ಚಿ ಕೈಮುಗಿದು ನಮ್ಮನ್ನು ಕಳಿಸಿದರು. ನನ್ನ ಕೆಲಸವೂ ಹೋಯಿತು. ಕಳೆದುಕೊಳ್ಳುವುದು ಏನೂ ಉಳಿಯದ ಮೇಲೆ ನಾನು ಬಾಯಿ ಬಿಟ್ಟೆ ಎನ್ನುವುದನ್ನು ಮುಚ್ಚಿಡುವುದಿಲ್ಲ.

ಆ ಸುಗ್ಗಿಗೆ ಮುಗದಕ್ಕೆ ಹೋಗಿದ್ದೆ. ಭತ್ತ ಬಡಿಯಲು ಬಂದ ಆಳುಗಳಿಗೆ, ಒಂದಿಬ್ಬರು ಬೀಗರಿಗೆ ಪಡಸಾಲೆಯಲ್ಲಿ ಊಟಕ್ಕಿಟ್ಟಿದ್ದರು. ತಂಗಿಯ ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು ರೊಟ್ಟಿ ಹಾಕುತ್ತ ಬೆವರುತ್ತಿದ್ದರು. ವಯಸ್ಸಾಗಿತ್ತು, ಸೊಂಟ ನೋಯುತ್ತಿತ್ತು. ಬೀಗರಲ್ಲಿ ಒಬ್ಬಾಕೆ ಕೇಳಿದಳು, “ಸೊಸಿ ಇದ್ದ ಮ್ಯಾಲ ನೀವ್ಯಾಕ ಬೇಯಾಕತ್ತೀರಿ ಒಲಿ ಮುಂದ?”

“ಆಕಿ ಕೈ ಹಂಗ ಅದಾವಲ್ಲವಾ,” ಅಂದರು ಅತ್ತೆ. ದ್ವೇಷದ ಮಾತಲ್ಲ, ಹವೆಯ ಸುದ್ದಿ ಹೇಳಿದಂತೆ ಹೇಳಿದರು. “ಹುಬ್ಬಳ್ಯಾಗ ಕಾರ್ಖಾನಿ ಪುಡಿ ಕದ್ದು ಕೈ ಸುಟಕೊಂಡಾಳ. ಅಕ್ಕ ಮುಕಾದಮ ಇದ್ಲು ಅಂತ ಸಲಿಗಿ. ಪಾಪ, ಅಕ್ಕ ಶಿಸ್ತಿನಾಕಿ, ಸುಮ್ಮ ಬಿಡಲಿಲ್ಲ.” ಎಂದು ನನ್ನ ಕಡೆ ಮರ್ಯಾದೆಯಿಂದ ಕೈ ತೋರಿಸಿದರು.

ತಂಗಿ ಹಿತ್ತಲ ಬಾಗಿಲಲ್ಲಿ ನೀರಿನ ಕೊಡ ಹೊತ್ತು ನಿಂತಿದ್ದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಎಷ್ಟೋ ಸಲ ಕೇಳಿದ ಮಾತು ಎಂದು ತಿಳಿಯಿತು. ಅವಳ ಗಂಡ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವನಿಗೂ ಅವಳು ಹೇಳಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಕಳ್ಳಿ ಅನ್ನಿಸಿಕೊಂಡು, ಒಂದು ಸಲವೂ ಹೇಳಿರಲಿಲ್ಲ.

ನಾನು ಎದ್ದು ನಿಂತೆ. ಯಾಕೆ ಎದ್ದೆ ಎಂದು ಎಲ್ಲರೂ ನೋಡಿದರು.

“ಅತ್ತಿಯವರ, ಆಕಿ ಕದ್ದಿಲ್ರಿ,” ಅಂದೆ. “ಪುಡಿ ಕದ್ದು ತಂದಾಕಿ ನಾನು. ನೀವು ನೋಡಾಕ ಬರ್ತೀರಿ ಅಂತ, ಕೈ ಬೆಳ್ಳಗ ಕಾಣ್ಲಿ ಅಂತ ತಂದಿದ್ದೆ. ಆಕಿ ಬ್ಯಾಡ ಅಂದ್ಲು.”

ಅತ್ತೆ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಹಾಕಿ ನನ್ನ ಕಡೆ ತಿರುಗಿದರು. ತಂಗಿ ಕೊಡ ಇಳಿಸಿ ಗಡಬಡಿಸಿ ಬಂದಳು.

“ಈಗ್ಯಾಕಕ್ಕಾ ಅದೆಲ್ಲಾ? ಮಂದಿ ಉಣ್ಣಾಕತ್ತಾರ. ಬಾ ಒಳಗ.”

ಅವಳು ನನ್ನ ಕೈ ಹಿಡಿದು ಎಳೆದಳು. ಅವಳ ಅಂಗೈ ಒರಟು ಮರದಂತೆ ನನ್ನ ಕೈಗೆ ತಾಗಿತು. ಒಳಗೆ ಹೋಗಿ ಅವಳೊಬ್ಬಳಿಗೇ ಹೇಳಿದರೆ ಅವಳು ಆಗಲಿ ಬಿಡು ಅನ್ನುತ್ತಾಳೆ, ಹೊರಗಿನವರಿಗೆ ಅವಳು ಕಳ್ಳಿಯಾಗಿಯೇ ಉಳಿಯುತ್ತಾಳೆ. ನಾನು ನಿಂತಲ್ಲೇ ನಿಂತೆ. ಎಲ್ಲರಿಗೂ ಕೇಳುವಂತೆ ಹೇಳಿದೆ:

“ತಂಗಿ, ನಿನ್ನ ಕೈ ಹಿಡದು ಅದರಾಗ ಅದ್ದಿದಾಕಿ ನಾನು. ಸಾವ್ಕಾರ್ರು ಕೇಳಿದಾಗ ನೆಲಾ ನೋಡಿದಾಕಿ ನಾನು. ನಿನ್ನ ಕೆಲಸಾ ಹೋಗೂ ಮುಂದ ಖರೇ ಐತ್ರಿ ಅಂದಾಕೀನೂ ನಾನ. ಹೊಟ್ಟ್ಯಾಗ ಹಾಕ್ಕೊ ಅಂತ ಕೇಳೂದಿಲ್ಲ. ನಂದು ತಪ್ಪಾತವ್ವಾ. ನಿನ್ನ ಕೈಗೂ ತಪ್ಪ ಮಾಡೇನಿ, ನಿನ್ನ ಹೆಸರಿಗೂ ತಪ್ಪ ಮಾಡೇನಿ. ತಪ್ಪಾತು.”